ಹೊಸ ವರ್ಷನ್ ಹಾಕಿದ ಮೇಲೆ ‘ರ‍್ಯಾಂಕ್’ ಒಡೆಯುತ್ತಿದೆ, ಯಾರಿಗಾದರೂ ಹೀಗೆ ಆಗಿದೆಯಾ?

ಬೆಟಗೇರಿ ಡಿಟಿಪಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ನನ್ನದು. ಎರಡು ವರ್ಷದಿಂದ ಎಲ್ಲವೂ ಲಿನಕ್ಸ್ ಮೇಲೆ. ಪುಟ ಕಟ್ಟುವುದೂ ಓಪನ್ ಸೋರ್ಸ್ ಸಾಫ್ಟ್‌ವೇರಿನಲ್ಲೇ. ಮಾಲೀಕರಿಗೆ ಲೈಸೆನ್ಸ್ ದುಡ್ಡು ಉಳಿಯಿತು, ನನಗೆ ಎಲ್ಲ ಕಡೆ ಒಂದೇ ಥರ ನಡೆಯುವ ಅಕ್ಷರ ಸಂಕೇತ, ಯೂನಿಕೋಡ್, ಸಿಕ್ಕಿತು.

ಹೋದ ವಾರ ಹೊಸ ವರ್ಷನ್‌ಗೆ ಅಪ್‌ಡೇಟ್ ಮಾಡಿದೆ. ಶುಕ್ರವಾರ ಧಾರವಾಡದ ಒಂದು ಕೋಚಿಂಗ್ ಕ್ಲಾಸಿನ ಹ್ಯಾಂಡ್‌ಬಿಲ್ ಬಂತು, ಐದು ಸಾವಿರ ಪ್ರತಿ. ಮ್ಯಾಟರ್ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಕಾಪಿ ಮಾಡಿ ಹಾಕಿದೆ, ಪ್ರೂಫ್ ಕಳಿಸಿದೆ, ಓಕೆ ಅಂದರು, ಪ್ಲೇಟ್ ಆಯಿತು, ಮಷೀನ್ ಓಡಿತು. ಬಂಡಲ್ ಕಟ್ಟುವಾಗ ನಮ್ಮ ಹುಡುಗ ಒಂದು ಹಾಳೆ ಹಿಡಿದುಕೊಂಡು ಬಂದು ‘ಅಣ್ಣಾ, ಇದನ್ನ ಏನಂತ ಓದಬೇಕು?’ ಅಂದ. ಮೇಲೆ ದಪ್ಪ ಅಕ್ಷರದಲ್ಲಿ ‘ರ‍್ಯಾಂಕ್’ ಇರಬೇಕಾದ ಕಡೆ ‘ರ್ಯಾಂಕ್’ ಇತ್ತು. ರ ಬಂದು ಅದರ ಕೆಳಗೆ ಯ ಒತ್ತು ಬರಬೇಕಲ್ವಾ? ಇಲ್ಲಿ ‘ಯಾ’ ಮೊದಲು ಬಂದು, ಪಕ್ಕದಲ್ಲಿ ಅರ್ಕಾವತ್ತು ಕೂತಿತ್ತು. ಆ ಪದ ಏಳು ಕಡೆ ಇದೆ, ಏಳು ಕಡೆಯೂ ಹಾಗೇ. ಪ್ರೂಫ್‌ನಲ್ಲಿ ನನಗೂ ಕಾಣಲಿಲ್ಲ, ಅವರಿಗೂ ಕಾಣಲಿಲ್ಲ.

ಐದು ಸಾವಿರ ಹಾಳೆ ರದ್ದಿಗೆ ಹೋಯಿತು. ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಳೆಯ ವರ್ಷನ್‌ನಲ್ಲಿ ಹೀಗೆ ಆಗುತ್ತಿರಲಿಲ್ಲ. ಸಾಫ್ಟ್‌ವೇರಿನ ಹೆಸರು ಇಲ್ಲಿ ಹಾಕುವುದಿಲ್ಲ, ಸುಮ್ನೆ ಬೈಗುಳದ ಜಾತ್ರೆ ಆಗುತ್ತದೆ. ಬೇಕಾದವರಿಗೆ ಮೆಸೇಜ್ ಮಾಡುತ್ತೇನೆ.

ಮಿರ್ಚಿ ಗಿರ್ಮಿಟ್ · ಸೋಮವಾರ, ರಾತ್ರಿ 9:52

ಪುಕ್ಕಟೆ ಬಂದ ಆಕಳ ಹಲ್ಲು ಎಣಿಸಬೇಡಿ ರೀ. ನಂದು ಹುಬ್ಬಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ. ಹೆಸರು ಹೇಳದಿದ್ದರೂ ಯಾವುದು ಅಂತ ಗೊತ್ತಾಯಿತು, ನಮ್ಮ ಹುಡುಗನೂ ಅದನ್ನೇ ಬಳಸುತ್ತಾನೆ. ಏನೂ ತೊಂದರೆ ಇಲ್ಲ. ಹಳೆಯ ವರ್ಷನ್ ವಾಪಸ್ ಹಾಕಿ, ಕೆಲಸ ನೋಡಿ.

ಹಳೇ ಮೊಳೆ · ಸೋಮವಾರ, ರಾತ್ರಿ 10:15

ತಮ್ಮಾ, ನಾವು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವಾಗ ಅರ್ಕಾವತ್ತಿಗೆ ಬೇರೆ ಮೊಳೆ, ಯ ಒತ್ತಿಗೆ ಬೇರೆ ಮೊಳೆ. ‘ಸೂರ್ಯ’ ಬಂದರೆ ಅದಕ್ಕೆ ಕೈ, ‘ರ‍್ಯಾಲಿ’ ಬಂದರೆ ಇದಕ್ಕೆ ಕೈ. ಕಂಪ್ಯೂಟರಿನಲ್ಲಿ ಎರಡೂ ಕಡೆ ರ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಯ. ಯಾವುದು ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಪ್ರೆಸ್ ಬಿಟ್ಟ ಮೇಲೂ ಈ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ.

ನವನಗರ ಲಿನಕ್ಸ್ · ಸೋಮವಾರ, ರಾತ್ರಿ 10:48

ಕಾಕಾ ನೋವಿರುವ ಜಾಗಕ್ಕೇ ಬೆರಳಿಟ್ಟರು. ಕಂಪ್ಯೂಟರಿಗೆ ಅದನ್ನು ಹೇಳುವುದು ಒಂದು ಕಾಣದ ಅಕ್ಷರ. ಹೆಸರು ಜೀರೋ ವಿಡ್ತ್ ಜಾಯ್ನರ್. ಅಗಲ ಸೊನ್ನೆ, ಪರದೆ ಮೇಲೆ ಕಾಣುವುದಿಲ್ಲ. ರ ಆದ ಮೇಲೆ, ಹಲಂತಕ್ಕೆ ಮೊದಲು ಅದು ಇದ್ದರೆ ರ ಉಳಿದುಕೊಂಡು ಯ ಒತ್ತು ಬರುತ್ತದೆ. ಇಲ್ಲದಿದ್ದರೆ ಅರ್ಕಾವತ್ತು. ‘ಸೂರ್ಯ’ಕ್ಕೆ ಅದು ಬೇಡ, ‘ರ‍್ಯಾಂಕ್’ಗೆ ಬೇಕೇ ಬೇಕು. ಇದಕ್ಕೆ ಒಬ್ಬ ಅಣ್ಣನೂ ಇದ್ದಾನೆ, ನಾನ್ ಜಾಯ್ನರ್ ಅಂತ. ‘ಸಾಫ್ಟ್‌ವೇರ್’ ಪದದಲ್ಲಿ ವೇ ಹೋಗಿ ಟ್‌ಗೆ ಒತ್ತಾಗದ ಹಾಗೆ ತಡೆಯುವವನು ಅವನು.

ಅಂದರೆ ಡಿಟಿಪಿ ಅಣ್ಣನ ಫೈಲಿನಲ್ಲಿ ಆ ಕಾಣದ ಅಕ್ಷರ ಎಲ್ಲೋ ಬಿದ್ದುಹೋಗಿದೆ, ಅಥವಾ ಇದ್ದರೂ ಯಾರೋ ಅದರ ಮಾತು ಕೇಳುತ್ತಿಲ್ಲ. ಅನುಮಾನ ಮೂರು ಕಡೆ. ಒಂದು ಫಾಂಟ್. ಎರಡು, ಅಕ್ಷರ ಜೋಡಿಸುವ ಎಂಜಿನ್, ಹಾರ್ಫ್‌ಬಝ್. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲದರ ಹೊಟ್ಟೆಯಲ್ಲೂ ಅದೇ ಇರುವುದು. ಮೂರು, ನಿಮ್ಮ ಸಾಫ್ಟ್‌ವೇರ್.

ಅದೇ ಪದವನ್ನು ಅದೇ ಫಾಂಟ್‌ನಲ್ಲಿ ಫೈರ್‌ಫಾಕ್ಸ್‌ನಲ್ಲಿ ನೋಡಿ. ಅಲ್ಲಿ ಸರಿ ಇದ್ದರೆ ಮೊದಲಿನ ಇಬ್ಬರನ್ನು ಬಿಟ್ಟುಬಿಡಬಹುದು. ಆಮೇಲೆ ಲೋಹಿತ್ ಕನ್ನಡ ಫಾಂಟ್ ಬದಲು ನೋಟೋ ಫಾಂಟ್ ಹಾಕಿ ನೋಡಿ. ವರ್ಷನ್ ನಂಬರ್ ‘ಹೊಸದು’ ಅಂತಲ್ಲ, ‘ಅಬೌಟ್’ ಒತ್ತಿದಾಗ ಬರುವ ಪೂರ್ತಿ ನಂಬರ್ ಬೇಕು.

ನನ್ನ ಮಷೀನ್‌ನಲ್ಲಿ ಈಗಷ್ಟೇ ಟೈಪ್ ಮಾಡಿ ನೋಡಿದೆ. ಸರಿಯಾಗಿ ಬಂತು. ಅದೇ ಚಿಂತೆ.

ಬೆಟಗೇರಿ ಡಿಟಿಪಿ · ಮಂಗಳವಾರ, ಮಧ್ಯಾಹ್ನ 1:20

ಊಟಕ್ಕೆ ಬಿಟ್ಟಾಗ ನೋಡಿದೆ. ಫೈರ್‌ಫಾಕ್ಸ್‌ನಲ್ಲಿ ಸರಿ. ನೋಟೋ ಹಾಕಿದರೂ ನಮ್ಮ ಸಾಫ್ಟ್‌ವೇರಿನಲ್ಲಿ ತಪ್ಪು. ವರ್ಷನ್ ನಂಬರ್ ಮೆಸೇಜ್ ಮಾಡಿದ್ದೇನೆ. ಒಂದು ವಿಚಿತ್ರ: ನಾನೇ ಕೀಬೋರ್ಡಿನಿಂದ ಟೈಪ್ ಮಾಡಿದರೆ ಸರಿ ಬರುತ್ತದೆ. ವಾಟ್ಸಾಪ್‌ನಿಂದ ತಂದರೆ ಮಾತ್ರ ಒಡೆಯುತ್ತದೆ.

ಮಿರ್ಚಿ ಗಿರ್ಮಿಟ್ · ಮಂಗಳವಾರ, ಮಧ್ಯಾಹ್ನ 1:31

ಹಾಗಾದರೆ ತಪ್ಪು ವಾಟ್ಸಾಪಿನದ್ದು. ಕೇಸ್ ಮುಗೀತು.

ನವನಗರ ಲಿನಕ್ಸ್ · ಮಂಗಳವಾರ, ಸಂಜೆ 7:05

ಮುಗೀಲಿಲ್ಲ ರೀ. ವಾಟ್ಸಾಪ್‌ನಿಂದ ಫೈರ್‌ಫಾಕ್ಸ್‌ಗೆ ಹೋದಾಗ ಸರಿ ಇತ್ತಲ್ಲ? ನಾನೂ ವಾಟ್ಸಾಪ್‌ನಿಂದ ಪೇಸ್ಟ್ ಮಾಡಿದೆ. ನನ್ನಲ್ಲಿ ಆ ತಪ್ಪು ಬರುತ್ತಿಲ್ಲ.

ಡಿಟಿಪಿ ಅಣ್ಣಾ, ಒಂದು ಉಪಕಾರ ಮಾಡಿ. ಮೊಬೈಲ್‌ನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿ. ಪರದೆ ಅಲ್ಲ, ಕೀಬೋರ್ಡ್ ಮೇಲೆ ನಿಮ್ಮ ಕೈ.

ನವನಗರ ಲಿನಕ್ಸ್ · ಮಂಗಳವಾರ, ರಾತ್ರಿ 9:18

ವಿಡಿಯೋ ಬಂತು, ಸಿಕ್ಕಿತು. ಅಣ್ಣ ಪೇಸ್ಟ್ ಮಾಡುವಾಗ ಒತ್ತುವುದು ಕಂಟ್ರೋಲ್ ವಿ ಅಲ್ಲ. ಕಂಟ್ರೋಲ್ ಶಿಫ್ಟ್ ವಿ. ಅಂದರೆ ಫಾರ್ಮ್ಯಾಟ್ ಬಿಟ್ಟು ಬರೀ ಅಕ್ಷರ ತರುವ ಪೇಸ್ಟ್. ನಾನೂ ಹಾಗೆ ಮಾಡಿದೆ. ನನ್ನಲ್ಲೂ ಬಂತು!

ಬೆಟಗೇರಿ ಡಿಟಿಪಿ · ಮಂಗಳವಾರ, ರಾತ್ರಿ 9:25

ಹತ್ತು ವರ್ಷದ ರೂಢಿ ಅದು. ಜನ ಕಳಿಸುವ ಮ್ಯಾಟರ್ ಜೊತೆ ಬಣ್ಣ, ಸೈಜು, ಏನೇನೋ ಬರುತ್ತದೆ. ಶಿಫ್ಟ್ ಒತ್ತುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಹಾವೇರಿ ಮೇಷ್ಟ್ರು · ಬುಧವಾರ, ಬೆಳಿಗ್ಗೆ 8:10

ಶಾಲೆಯ ಲ್ಯಾಬಿನಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ಇವೆ. ಅದರಲ್ಲೂ ನೋಡಲಾ? ಆದರೆ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ. ಒಡೆದಿದೆಯೋ ಇಲ್ಲವೋ ಅಂತ ಅಳೆಯುವ ದಾರಿ ಇದೆಯಾ?

ಸಪ್ತಾಪುರ ಹಾಸ್ಟೆಲ್ · ಬುಧವಾರ, ಬೆಳಿಗ್ಗೆ 8:44

ಇದೆ ಸರ್. ತೂಕ ಮಾಡಿ. ‘ರ‍್ಯಾಂಕ್’ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ ಎಂಟು ಅಕ್ಷರ: ರ, ಕಾಣದ ಜಾಯ್ನರ್, ಹಲಂತ, ಯ, ದೀರ್ಘ, ಸೊನ್ನೆ, ಕ, ಮತ್ತೆ ಹಲಂತ. ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇವು ಒಂದೊಂದೂ 3 ಬೈಟ್. ಒಟ್ಟು 24. ಟೆಕ್ಸ್ಟ್ ಫೈಲಿನಲ್ಲಿ ಅದೊಂದೇ ಪದ ಇಟ್ಟು ಪ್ರಾಪರ್ಟೀಸ್ ನೋಡಿ. ಆಮೇಲೆ ಆ ಸಾಫ್ಟ್‌ವೇರಿಗೆ ಶಿಫ್ಟ್ ಪೇಸ್ಟ್ ಮಾಡಿ, ಅಲ್ಲಿಂದ ವಾಪಸ್ ಕಾಪಿ ಮಾಡಿ ಇನ್ನೊಂದು ಫೈಲಿಗೆ ಹಾಕಿ. 21 ಬಂದರೆ ಜಾಯ್ನರ್ ಹೋಯಿತು ಅಂತಲೇ ಅರ್ಥ.

ಹಾವೇರಿ ಮೇಷ್ಟ್ರು · ಬುಧವಾರ, ಮಧ್ಯಾಹ್ನ 3:30

ನಾಲ್ಕೂ ಮಷೀನ್‌ನಲ್ಲಿ ಮಾಡಿದೆವು. ಎಂಟನೇ ತರಗತಿಯ ಮಕ್ಕಳೇ ಮಾಡಿದರು, ನಾನು ಹಿಂದೆ ನಿಂತಿದ್ದೆ. ಆದರೆ ಮೂರರಲ್ಲಿ 24 ಮತ್ತು 21 ಬಂದರೆ ಒಂದರಲ್ಲಿ 25 ಮತ್ತು 22. ತಪ್ಪೆಲ್ಲಿ?

ಸಪ್ತಾಪುರ ಹಾಸ್ಟೆಲ್ · ಬುಧವಾರ, ಮಧ್ಯಾಹ್ನ 3:36

ತಪ್ಪಿಲ್ಲ ಸರ್. ಕೆಲವು ಎಡಿಟರ್‌ಗಳು ಫೈಲಿನ ಕೊನೆಗೆ ತಾವೇ ಒಂದು ಎಂಟರ್ ಸೇರಿಸುತ್ತವೆ. ಅದು 1 ಬೈಟ್. ವ್ಯತ್ಯಾಸ 3 ಇದ್ದರೆ ಸಾಕು.

ಬ್ಯಾಡಗಿ ಲೆಕ್ಕ · ಬುಧವಾರ, ಸಂಜೆ 6:02

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ನಾನೂ ಓಪನ್ ಸೋರ್ಸ್ ಸ್ಪ್ರೆಡ್‌ಶೀಟ್ ಬಳಸುತ್ತೇನೆ, ಅದರಲ್ಲೂ ಬಗ್ ಇದೆ. ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ. ಡಬ್ಬಿ, ಕಡ್ಡಿ ಎರಡೂ ತಳಿಗೆ ಬೇರೆ ಬೇರೆ ಕಾಲಮ್. ಕಡ್ಡಿ ಕಾಲಮಿನ ಒಟ್ಟು ಮೊತ್ತ ಸೊನ್ನೆ ತೋರಿಸುತ್ತಿದೆ. ಲಕ್ಷಗಟ್ಟಲೆ ಮಾಲು ಹೋಗಿದೆ, ಒಟ್ಟು ಸೊನ್ನೆ! ಫೈಲ್ ಹಾಕಿದ್ದೇನೆ, ನೋಡಿ.

ನವನಗರ ಲಿನಕ್ಸ್ · ಬುಧವಾರ, ಸಂಜೆ 6:09

ಸರ್, ಮೊದಲು ಆ ಫೈಲ್ ತೆಗೆಯಿರಿ. ಈಗಲೇ. ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್ ಎಲ್ಲ ಹಾಗೇ ಇದೆ. ಬಗ್ ತೋರಿಸಲು ನಿಜವಾದ ಖಾತೆ ಬೇಡ. ‘ಅ’, ‘ಆ’ ಅಂತ ಹೆಸರು ಹಾಕಿ ಮೂರು ಸಾಲಿನ ಸುಳ್ಳು ಫೈಲ್ ಮಾಡಿದರೆ ಸಾಕು. ಅದೇ ಒಳ್ಳೆಯದು ಕೂಡ, ಮುನ್ನೂರು ಸಾಲು ಯಾರು ನೋಡುತ್ತಾರೆ?

ನಿಮ್ಮದು ಬಗ್ ಅಲ್ಲ ಅನಿಸುತ್ತದೆ. ಕಡ್ಡಿ ಕಾಲಮಿನ ಅಂಕಿಗಳು ಎಡಕ್ಕೆ ಅಂಟಿಕೊಂಡಿದ್ದವು, ಡಬ್ಬಿಯವು ಬಲಕ್ಕೆ. ಎಡಕ್ಕಿದ್ದವು ಸಾಫ್ಟ್‌ವೇರ್ ಲೆಕ್ಕಕ್ಕೆ ಅಂಕಿ ಅಲ್ಲ, ಅಕ್ಷರ. ಎಲ್ಲಿಂದಲೋ ಪೇಸ್ಟ್ ಮಾಡಿರುತ್ತೀರಿ. ಅಕ್ಷರಗಳನ್ನು ಕೂಡಿಸಿದರೆ ಸೊನ್ನೆಯೇ ಬರುವುದು.

ಬ್ಯಾಡಗಿ ಲೆಕ್ಕ · ಬುಧವಾರ, ಸಂಜೆ 6:40

ತೆಗೆದೆ. ನೀವು ಹೇಳಿದ್ದು ನಿಜ, ಎಡಕ್ಕೇ ಇವೆ. ನಾಚಿಕೆ ಆಯಿತು.

ನವನಗರ ಲಿನಕ್ಸ್ · ಬುಧವಾರ, ಸಂಜೆ 6:43

ನಾಚಿಕೆ ಏನಿಲ್ಲ ಸರ್. ಯಾವ ಬಗ್ ಪಟ್ಟಿ ತೆಗೆದು ನೋಡಿದರೂ ಇಂಥವು ರಾಶಿ ಇರುತ್ತವೆ. ಅವನ್ನು ಬೇರೆ ಮಾಡುವುದೂ ಬಳಕೆದಾರರೇ. ಡೆವಲಪರ್ ಅದಕ್ಕೆ ಕೂತರೆ ಕೋಡ್ ಬರೆಯಲು ಅವನಿಗೆ ಪುರುಸೊತ್ತೆಲ್ಲಿ?

ಮಿರ್ಚಿ ಗಿರ್ಮಿಟ್ · ಗುರುವಾರ, ಬೆಳಿಗ್ಗೆ 11:15

ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಒಬ್ಬ ಗಿರಾಕಿ ಎಂಟು ಅಡಿ ಫ್ಲೆಕ್ಸ್ ವಾಪಸ್ ತಂದು ಅಂಗಡಿ ಮುಂದೆ ಬಿಚ್ಚಿ ಹಾಸಿದರು. ‘ಹಾರ್ಡ್‌ವೇರ್’ ಇರಬೇಕಾದ ಕಡೆ ‘ಹಾರ್ಡ್ವೇರ್’, ವ ಕೆಳಗೆ ಒತ್ತಾಗಿ ಕೂತಿದೆ. ನಮ್ಮಲ್ಲಿ ಇಬ್ಬರು ಹುಡುಗರು. ಒಬ್ಬನ ಕೆಲಸದಲ್ಲಿ ಮಾತ್ರ ಹೀಗೆ. ಕೇಳಿದೆ. ಅವನೂ ಶಿಫ್ಟ್ ಒತ್ತುತ್ತಾನೆ.

ಎಂಟು ಅಡಿಗೆ ಎಷ್ಟು ಅಂತ ಕೇಳಬೇಡಿ.

ಸಪ್ತಾಪುರ ಹಾಸ್ಟೆಲ್ · ಗುರುವಾರ, ಬೆಳಿಗ್ಗೆ 11:40

ಅಣ್ಣಾ, ನಿಮ್ಮ ನಷ್ಟಕ್ಕೆ ಬೇಜಾರಿದೆ, ಆದರೆ ಇದು ದೊಡ್ಡ ಸುಳಿವು. ‘ಹಾರ್ಡ್‌ವೇರ್’ನಲ್ಲಿ ಇರುವುದು ಜಾಯ್ನರ್ ಅಲ್ಲ, ನಾನ್ ಜಾಯ್ನರ್. ಅಂದರೆ ಎರಡೂ ಹೋಗುತ್ತಿವೆ. ಯಾರೋ ಬೇಕೆಂದೇ ಕಾಣದ ಅಕ್ಷರಗಳನ್ನು ಗುಡಿಸುತ್ತಿದ್ದಾರೆ.

ನವನಗರ ಲಿನಕ್ಸ್ · ಗುರುವಾರ, ರಾತ್ರಿ 10:30

ಆ ಸಾಫ್ಟ್‌ವೇರಿನವರ ಬಗ್ ಪಟ್ಟಿಯಲ್ಲಿ ವರದಿ ಹಾಕಿ ಆಯಿತು. ಡಿಟಿಪಿ ಅಣ್ಣನ ಹೆಸರಿನಲ್ಲೇ, ಅವರ ಕೈಯಿಂದಲೇ. ನಾನು ಪಕ್ಕದಲ್ಲಿ ಫೋನಿನಲ್ಲಿದ್ದೆ. ಮೊದಲು ಇದೇ ದೂರು ಯಾರಾದರೂ ಕೊಟ್ಟಿದ್ದಾರಾ ಅಂತ ಅರ್ಧ ಗಂಟೆ ಹುಡುಕಿದೆವು. ತಲೆಬರಹಕ್ಕೇ ಜಾಸ್ತಿ ಹೊತ್ತು ಹೋಯಿತು. ಅಣ್ಣ ಮೊದಲು ಬರೆದದ್ದು ‘ಕನ್ನಡ ಸರಿಯಾಗಿ ಬರುತ್ತಿಲ್ಲ, ದಯವಿಟ್ಟು ಬೇಗ ಸರಿ ಮಾಡಿ’. ಇಷ್ಟು ಓದಿದರೆ ಡೆವಲಪರ್‌ಗೆ ಏನು ತಿಳಿಯಬೇಕು? ಕೊನೆಗೆ ‘ಫಾರ್ಮ್ಯಾಟ್ ಇಲ್ಲದೆ ಪೇಸ್ಟ್ ಮಾಡಿದರೆ ಜಾಯ್ನರ್, ನಾನ್ ಜಾಯ್ನರ್ ಎರಡೂ ಅಳಿಸಿಹೋಗುತ್ತವೆ’ ಅಂತ ಹಾಕಿದೆವು. ಕೆಳಗೆ ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಮೂರು ಸಾಲು. 24 ಬೈಟ್ ಫೈಲ್, 21 ಬೈಟ್ ಫೈಲ್ ಎರಡೂ ಲಗತ್ತು. ಐದು ಸಾವಿರ ಹಾಳೆಯ ಕಥೆ ಬರೆಯಲು ಅಣ್ಣನಿಗೆ ಬಹಳ ಆಸೆ ಇತ್ತು, ಒಂದೇ ಸಾಲಿಗೆ ಒಪ್ಪಿಸಿದೆ.

ದಯವಿಟ್ಟು ಎಲ್ಲರೂ ಅಲ್ಲಿ ಹೋಗಿ ‘ನನಗೂ ಆಗಿದೆ’ ಅಂತ ಬರೀ ಮಾತು ಬರೆಯಬೇಡಿ. ಬರೆದರೆ ‘ನನ್ನಲ್ಲೂ ಬಂತು’ ಅಂತ ಹೇಳಿ ವರ್ಷನ್, ಆಪರೇಟಿಂಗ್ ಸಿಸ್ಟಂ ಜೊತೆಗೆ ಹಾಕಿ. ಮೇಷ್ಟ್ರೇ, ನಿಮ್ಮ ನಾಲ್ಕು ಮಷೀನಿನ ಲೆಕ್ಕ ಅಲ್ಲಿ ಬಂಗಾರ.

ಹಳೇ ಮೊಳೆ · ಶುಕ್ರವಾರ, ಬೆಳಿಗ್ಗೆ 6:20

ಉತ್ತರ ಬಂತಾ?

ಬೆಟಗೇರಿ ಡಿಟಿಪಿ · ಶನಿವಾರ, ಬೆಳಿಗ್ಗೆ 10:05

ಬಂತು ಕಾಕಾ. ಡೆವಲಪರ್ ಯಾವ ದೇಶದವರೋ, ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ಏನಂತ ಗೊತ್ತಾ? ‘ನೀವು ಹಾಕಿದ ಎರಡು ಚಿತ್ರವೂ ನನಗೆ ಒಂದೇ ಥರ ಕಾಣುತ್ತಿವೆ. ಬಳಕೆದಾರರಿಗೆ ಇದರಿಂದ ಏನು ತೊಂದರೆ?’ ಮಾಲೀಕರಿಗೆ ಓದಿ ಹೇಳಿದೆ. ಅವರು ಚಹಾ ಕಪ್ ಕೆಳಗಿಟ್ಟರು.

ಸಪ್ತಾಪುರ ಹಾಸ್ಟೆಲ್ · ಶನಿವಾರ, ಬೆಳಿಗ್ಗೆ 10:30

ಅವರ ತಪ್ಪಲ್ಲ ಅಣ್ಣಾ. ಥಾಯ್ ಅಕ್ಷರದ ಎರಡು ಚಿತ್ರ ಕೊಟ್ಟರೆ ನಮಗೆ ವ್ಯತ್ಯಾಸ ಗೊತ್ತಾಗುತ್ತದಾ? ಕನ್ನಡದ ಬಗ್ ಕನ್ನಡ ಓದುವವರಿಗೆ ಮಾತ್ರ ಕಾಣುವುದು. ಅವರಿಗೆ ಕಾಣುವ ಹಾಗೆ ನಾವು ತೋರಿಸಬೇಕು. ಒಂದು ಉಪಾಯ ಇದೆ, ಸಂಜೆ ಹೇಳುತ್ತೇನೆ.

ಸಪ್ತಾಪುರ ಹಾಸ್ಟೆಲ್ · ಶನಿವಾರ, ಸಂಜೆ 5:12

ಕೆಲಸ ಮಾಡಿತು! ಮೊಬೈಲ್‌ನಲ್ಲಿ ಅಪ್ಪ, ಅಮ್ಮ, ಮಗಳು ಒಟ್ಟಿಗೆ ನಿಂತ ಕುಟುಂಬದ ಇಮೋಜಿ ಇದೆಯಲ್ಲ, ಅದು ಒಂದು ಅಕ್ಷರ ಅಲ್ಲ. ಮೂರು ಇಮೋಜಿ, ನಡುವೆ ಎರಡು ಜಾಯ್ನರ್. ಅದನ್ನು ಶಿಫ್ಟ್ ಪೇಸ್ಟ್ ಮಾಡಿ ಚಿತ್ರ ತೆಗೆದು ಹಾಕಿದೆ. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಮಗಳು ಒಂದು ಕಡೆ. ‘ನಮ್ಮ ಪದಕ್ಕೂ ಹೀಗೇ ಆಗುತ್ತಿದೆ’ ಅಂತ ಒಂದು ಸಾಲು ಬರೆದೆ. ಇಪ್ಪತ್ತು ನಿಮಿಷದಲ್ಲಿ ಸ್ಟೇಟಸ್ ‘ಅನ್‌ಕನ್‌ಫರ್ಮ್ಡ್’ ಇದ್ದದ್ದು ‘ನ್ಯೂ’ ಆಯಿತು, ಅಂದರೆ ಬಗ್ ನಿಜ ಅಂತ ಒಪ್ಪಿದರು.

ಹಳೇ ಮೊಳೆ · ಶನಿವಾರ, ಸಂಜೆ 5:30

ಮನೆ ಒಡೆದು ತೋರಿಸಿದಿ ತಂಗಿ. ಶಾಣ್ಯಾ.

ಮಿರ್ಚಿ ಗಿರ್ಮಿಟ್ · ಶನಿವಾರ, ರಾತ್ರಿ 8:50

ಎಲ್ಲ ಸರಿ. ಆದರೆ ನನ್ನದೊಂದು ತಕರಾರು. ಕೋಡ್ ತೆರೆದಿಟ್ಟರೆ ಸಾವಿರ ಜನ ನೋಡುತ್ತಾರೆ, ಬಗ್ ಉಳಿಯುವುದಿಲ್ಲ ಅಂತ ಹೇಳುತ್ತಾರಲ್ಲ, ಹಾಗಾದರೆ ಹಾರ್ಟ್‌ಬ್ಲೀಡ್ ಅನ್ನುವ ಬಗ್ ಹೇಗೆ ಉಳಿಯಿತು? ಓಪನ್‌ಎಸ್‌ಎಸ್‌ಎಲ್ ಅಂದರೆ ಅರ್ಧ ಇಂಟರ್ನೆಟ್ ಬೀಗ, ಆ ಬಗ್ ಇದ್ದದ್ದು ಅದರಲ್ಲೇ. 2012ರ ಮಾರ್ಚ್‌ನಲ್ಲಿ ಬಂದ ವರ್ಷನ್‌ನಲ್ಲಿ ತಪ್ಪು ಇತ್ತು, ಹೊರಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷ ಸಾವಿರ ಜನ ಏನು ನೋಡುತ್ತಿದ್ದರು?

ನವನಗರ ಲಿನಕ್ಸ್ · ಶನಿವಾರ, ರಾತ್ರಿ 10:20

ತಕರಾರು ಸರಿಯಾಗಿದೆ. ನೋಡಬಹುದು ಅನ್ನುವುದೇ ಬೇರೆ, ನೋಡಿದ್ದೇ ಬೇರೆ. ಹಾರ್ಟ್‌ಬ್ಲೀಡ್‌ನಲ್ಲಿ ಆದದ್ದು ಒಂದು ಉದ್ದದ ತಪಾಸಣೆ ಬಿಟ್ಟುಹೋದದ್ದು. ‘ನಾನು ಕಳಿಸಿದ್ದು ಇಷ್ಟು ಉದ್ದ’ ಅಂತ ಹೇಳಿದವನ ಮಾತನ್ನು ಸರ್ವರ್ ಹಾಗೇ ನಂಬುತ್ತಿತ್ತು. ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ತನ್ನ ಮೆಮೊರಿಯಲ್ಲಿ ಇದ್ದದ್ದನ್ನು ಕೊಟ್ಟುಬಿಡುತ್ತಿತ್ತು. ಬಳಸುವವರ ಪರದೆ ಮೇಲೆ ಏನೂ ಒಡೆಯುತ್ತಿರಲಿಲ್ಲ. ಏನೂ ಒಡೆಯದಿದ್ದರೆ ಡಿಟಿಪಿ ಅಣ್ಣನಂಥವರು ಇಲ್ಲಿಗೆ ಬರುವುದೇ ಇಲ್ಲ. ಕೊನೆಗೆ ಕಂಡುಹಿಡಿದದ್ದು ಗೂಗಲ್‌ನ ಒಬ್ಬರು ಮತ್ತು ಫಿನ್ಲೆಂಡಿನ ಕೋಡೆನೋಮಿಕಾನ್ ಕಂಪನಿಯವರು, ಇಬ್ಬರೂ ಬೇರೆ ಬೇರೆಯಾಗಿ. ಅಂದರೆ ಕೂತು ಹುಡುಕುವುದೇ ಕೆಲಸ ಆಗಿದ್ದವರು.

ಇನ್ನೊಂದು ಕಥೆ ಇದಕ್ಕೆ ಉಲ್ಟಾ. 2024ರ ಮಾರ್ಚ್ 29ಕ್ಕೆ ಹೊರಗೆ ಬಂತು. ಆಂಡ್ರೆಸ್ ಫ್ರಾಯಿಂಡ್ ಅಂತ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನ ಡೆವಲಪರ್, ಕೆಲಸ ಮೈಕ್ರೋಸಾಫ್ಟ್‌ನಲ್ಲಿ. ತನ್ನ ಡೆಬಿಯನ್ ಲಿನಕ್ಸ್ ಮಷೀನ್‌ಗೆ ಎಸ್‌ಎಸ್‌ಎಚ್ ಮೂಲಕ ದೂರದಿಂದ ಮಾಡುವ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅಂತ ಅವರಿಗೆ ಅನಿಸಿತು. ಅರ್ಧ ಸೆಕೆಂಡ್ ರೀ! ನಾವಾದರೆ ಚಹಾ ಕುಡಿದು ಬರುತ್ತಿದ್ದೆವು. ಅವರು ಬಿಡದೆ ಹಿಂದೆ ಬಿದ್ದು ನೋಡಿದರೆ ಎಕ್ಸ್‌ಝಡ್ ಅನ್ನುವ ಕಂಪ್ರೆಷನ್ ಸಾಫ್ಟ್‌ವೇರಿನ 5.6.0, 5.6.1 ವರ್ಷನ್‌ಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಹೆಚ್ಚಿನ ಕಡೆ ಸ್ಥಿರ ಆವೃತ್ತಿಗೆ ಹೋಗುವ ಮೊದಲೇ ಸಿಕ್ಕಿತು.

ಮಿರ್ಚಿ ಗಿರ್ಮಿಟ್ · ಶನಿವಾರ, ರಾತ್ರಿ 10:34

ಆ ಕಳ್ಳಬಾಗಿಲು ಇಟ್ಟವನೂ ಸಮುದಾಯದವನೇ ಅಲ್ವಾ?

ನವನಗರ ಲಿನಕ್ಸ್ · ಶನಿವಾರ, ರಾತ್ರಿ 10:41

ಹೌದು. ಎರಡು ವರ್ಷದಷ್ಟು ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದವನು. ಆ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅವರೂ ದಣಿದಿದ್ದರು. ‘ಯಾಕೆ ಇಷ್ಟು ನಿಧಾನ, ಇನ್ನೊಬ್ಬರಿಗೆ ಕೊಡಿ’ ಅಂತ ಅವರ ಮೇಲೆ ಒತ್ತಡ ಹಾಕುವ ಮೇಲ್‌ಗಳು ಬಂದವು. ಅವು ನಕಲಿ ಹೆಸರುಗಳು ಅಂತ ಈಗ ಎಲ್ಲರ ಅನುಮಾನ. ಅದಕ್ಕೇ ಹೇಳುತ್ತೇನೆ, ‘ಬೇಗ ಮಾಡಿ’ ಅಂತ ದಿನಾ ಬರೆಯಬೇಡಿ. ಮತ್ತೆ ಇಂಥ ಭದ್ರತೆಯ ಬಗ್ ಸಿಕ್ಕರೆ ಎಲ್ಲರ ಮುಂದೆ ಹಾಕುವಂತಿಲ್ಲ, ಮೊದಲು ಅವರಿಗೆ ಮಾತ್ರ ಗುಟ್ಟಾಗಿ ಮೇಲ್. ನಮ್ಮ ಅರ್ಕಾವತ್ತಿಗೆ ಆ ಭಯ ಇಲ್ಲ.

ಹಾವೇರಿ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 9:00

ಪ್ರೆಸ್ಸಿನವರಿಗೆ ಇಷ್ಟವಾಗುವ ಒಂದು ವಿಷಯ. ಪುಸ್ತಕ ಜೋಡಿಸುವ ಟೆಕ್ ಸಾಫ್ಟ್‌ವೇರ್ ಬರೆದ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರ್ ಚೆಕ್ ಕಳಿಸುತ್ತಿದ್ದರು. ಹದಿನಾರರ ಲೆಕ್ಕದಲ್ಲಿ 256 ಅನ್ನು 100 ಅಂತ ಬರೆಯುತ್ತಾರೆ, ಹಾಗಾಗಿ 256 ಸೆಂಟ್ ಅಂದರೆ ಒಂದು ಡಾಲರ್ ಅಂತ ಅವರ ತಮಾಷೆ. ಟೆಕ್‌ನಲ್ಲೇ ಬಗ್ ಸಿಕ್ಕರೆ ಬಹುಮಾನ ಏರುತ್ತಾ ಹೋಗಿ 327.68 ಡಾಲರ್‌ಗೆ ನಿಂತಿತು. ಬಹಳ ಜನ ಚೆಕ್ಕನ್ನು ಬ್ಯಾಂಕಿಗೇ ಹಾಕಲಿಲ್ಲ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. 2008ರಿಂದ ನಿಜವಾದ ಚೆಕ್ ನಿಲ್ಲಿಸಿ, ಇಲ್ಲದ ಬ್ಯಾಂಕಿನ ಪ್ರಮಾಣಪತ್ರ ಕೊಡುತ್ತಿದ್ದಾರೆ.

ಬೆಟಗೇರಿ ಡಿಟಿಪಿ · ಭಾನುವಾರ, ಬೆಳಿಗ್ಗೆ 9:14

ನಮ್ಮ ಮಾಲೀಕರು ತಪ್ಪಿಗೆ ದುಡ್ಡು ಕೊಡಲು ಶುರು ಮಾಡಿದರೆ ಮಂಗಳವಾರಕ್ಕೆ ಪ್ರೆಸ್ ಬಂದ್.

ಸಪ್ತಾಪುರ ಹಾಸ್ಟೆಲ್ · ಮುಂದಿನ ಬುಧವಾರ, ರಾತ್ರಿ 11:50

ಇಷ್ಟು ದಿನ ಸುಮ್ಮನಿದ್ದೆ, ಯಾಕೆಂದರೆ ಬೈಸೆಕ್ಟ್ ಮಾಡುತ್ತಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೆಯ ವರ್ಷನ್ ಸರಿ, ಹೊಸ ವರ್ಷನ್ ತಪ್ಪು. ನಡುವೆ ಸುಮಾರು 1,400 ಬದಲಾವಣೆ ಆಗಿವೆ. ಒಂದೊಂದೇ ನೋಡಿದರೆ ನನ್ನ ಎಂಸಿಎ ಮುಗಿದುಹೋಗುತ್ತದೆ. ಬಾವಿ ಮೋಟರಿನ ವೈರ್ ಎಲ್ಲೋ ಕಟ್ ಆಗಿದ್ದರೆ ಅಪ್ಪ ಏನು ಮಾಡುತ್ತಾರೆ? ನಡುವೆ ಟೆಸ್ಟರ್ ಇಟ್ಟು ನೋಡುತ್ತಾರೆ. ಅಲ್ಲಿ ಕರೆಂಟ್ ಇದ್ದರೆ ತಪ್ಪು ಆ ಕಡೆ, ಇಲ್ಲದಿದ್ದರೆ ಈ ಕಡೆ. ಮತ್ತೆ ಉಳಿದ ಅರ್ಧದ ನಡುವೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇದಕ್ಕೇ ಬೈಸೆಕ್ಟ್ ಅಂತ ಕಮಾಂಡ್ ಇದೆ. 1,400 ಇದ್ದರೂ ಹನ್ನೊಂದು ಸಲ ನೋಡಿದರೆ ಸಾಕು.

ಆದರೆ ಒಂದೊಂದು ಸಲವೂ ಪೂರ್ತಿ ಸಾಫ್ಟ್‌ವೇರ್ ಕಟ್ಟಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಐವತ್ತು ನಿಮಿಷ. ಫ್ಯಾನ್ ಸದ್ದಿಗೆ ರೂಮ್‌ಮೇಟ್ ತಲೆಗೆ ದಿಂಬು ಒತ್ತಿಕೊಂಡು ಮಲಗಿದಳು. ಏಳನೇ ಸಲ ಕರೆಂಟ್ ಹೋಯಿತು, ಬ್ಯಾಟರಿ ಮೊದಲೇ ಸತ್ತಿದೆ. ಪುಣ್ಯಕ್ಕೆ ಎಲ್ಲಿಗೆ ಬಂದಿದ್ದೆ ಅಂತ ಗಿಟ್ ಬರೆದಿಟ್ಟುಕೊಂಡಿರುತ್ತದೆ. ಎರಡು ಬದಲಾವಣೆ ಕಟ್ಟಲೇ ಆಗಲಿಲ್ಲ, ಸ್ಕಿಪ್ ಮಾಡಿದೆ.

ಸಿಕ್ಕಿತು. ಬದಲಾವಣೆಯ ಹೆಸರು ‘ಪೇಸ್ಟ್ ಮಾಡುವಾಗ ಕಾಣದ ಕಸ ತೆಗೆಯಿರಿ’ ಅನ್ನುವ ಅರ್ಥದ್ದು. ನಾಲ್ಕು ಅಕ್ಷರಗಳ ಪಟ್ಟಿ ಇದೆ. ಅಗಲವಿಲ್ಲದ ಸ್ಪೇಸ್, ಫೈಲಿನ ತಲೆಗೆ ಬರುವ ಗುರುತು, ಇವೆರಡು ನಿಜವಾಗಿ ಕಸ. ಉಳಿದ ಎರಡು ನಮ್ಮ ಜಾಯ್ನರ್ ಮತ್ತು ನಾನ್ ಜಾಯ್ನರ್. ತಮಾಷೆ ಏನು ಗೊತ್ತಾ? ಅದನ್ನು ಸೇರಿಸಿದ್ದೂ ಒಬ್ಬ ಬಳಕೆದಾರನ ದೂರಿನ ಮೇಲೆಯೇ. ವೆಬ್‌ನಿಂದ ತಂದ ಪದಗಳು ಹುಡುಕಾಟದಲ್ಲಿ ಸಿಗುತ್ತಿಲ್ಲ ಅಂತ ಅವನ ಕಂಪ್ಲೇಂಟ್. ಅವನ ಬಗ್ ಸರಿ ಮಾಡಲು ಹೋಗಿ ನಮ್ಮದು ಹುಟ್ಟಿತು.

ನವನಗರ ಲಿನಕ್ಸ್ · ಗುರುವಾರ, ಬೆಳಿಗ್ಗೆ 7:30

ತಂಗಿ, ಇದನ್ನು ವರದಿಯಲ್ಲಿ ಹಾಕಿದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಬದಲಾವಣೆ ಬರೆದವರಿಗೇ ನೇರವಾಗಿ ಹೋಗುತ್ತದೆ. ಆ ಫ್ಯಾನ್ ಸದ್ದಿಗೆ ಪ್ರತಿಯಾಗಿ ರೂಮ್‌ಮೇಟ್‌ಗೆ ಲೈನ್ ಬಜಾರ್ ಪೇಡೆ ಕೊಡಿಸು, ದುಡ್ಡು ನಾನು ಹಾಕುತ್ತೇನೆ.

ಬೆಟಗೇರಿ ಡಿಟಿಪಿ · ಶನಿವಾರ, ರಾತ್ರಿ 9:10

ವರದಿಯಲ್ಲಿ ಈಗ ಜಾತ್ರೆ. ಶ್ರೀಲಂಕಾದವರೊಬ್ಬರು ಬಂದು, ಸಿಂಹಳದಲ್ಲಿ ‘ಶ್ರೀ’ ಬರೆಯಲು ಜಾಯ್ನರ್ ಬೇಕು, ಶಿಫ್ಟ್ ಪೇಸ್ಟ್ ಮಾಡಿದರೆ ನಮ್ಮ ದೇಶದ ಹೆಸರೇ ಒಡೆಯುತ್ತದೆ ಅಂದರು. ಪರ್ಷಿಯನ್ ಬರೆಯುವವರಿಗೆ ನಾನ್ ಜಾಯ್ನರ್ ಹೋಗಿದೆ. ಅವರು ಬೇರೆ ದೂರು ಕೊಟ್ಟಿದ್ದರಂತೆ, ಅದನ್ನು ನಮ್ಮದರ ‘ಡೂಪ್ಲಿಕೇಟ್’ ಅಂತ ಸೇರಿಸಿದರು. ನಾವು ಹುಡುಕಿದಾಗ ಅದು ಯಾಕೆ ಸಿಗಲಿಲ್ಲ ಅಂದರೆ ಅವರ ತಲೆಬರಹ ‘ಪರ್ಷಿಯನ್ ಸರಿಯಾಗಿ ಬರುತ್ತಿಲ್ಲ’!

ಡೆವಲಪರ್ ಆ ಗುಡಿಸುವ ಕೆಲಸವನ್ನೇ ಪೂರ್ತಿ ತೆಗೆಯುತ್ತೇನೆ ಅಂದರು. ಮೊದಲು ದೂರು ಕೊಟ್ಟಿದ್ದವನು ಬಂದು ‘ಹಾಗಾದರೆ ನನ್ನ ಹುಡುಕಾಟ?’ ಅಂತ ಜಗಳ ತೆಗೆದ. ಅವನದೂ ನ್ಯಾಯವೇ. ಮೂರು ದಿನ ಎಳೆದಾಡಿ, ಪಟ್ಟಿಯಲ್ಲಿ ಕಸ ಎರಡು ಉಳಿಸಿ ನಮ್ಮವೆರಡು ತೆಗೆಯುವುದು ಅಂತ ಆಯಿತು.

ಬೆಟಗೇರಿ ಡಿಟಿಪಿ · ಎರಡು ವಾರದ ಮೇಲೆ, ಸೋಮವಾರ ರಾತ್ರಿ 10:00

ಪ್ರತಿ ರಾತ್ರಿ ತಯಾರಾಗುವ ಪರೀಕ್ಷಾ ವರ್ಷನ್ ಇಳಿಸಿಕೊಂಡು ನೋಡಿ ಅಂದರು. ಕೆಲಸದ ಮಷೀನ್‌ಗೆ ಹಾಕಲು ಧೈರ್ಯ ಬರಲಿಲ್ಲ, ಮೂಲೆಯ ಹಳೆಯ ಕಂಪ್ಯೂಟರಿಗೆ ಹಾಕಿದೆ. ವಾಟ್ಸಾಪ್‌ನಿಂದ ಅದೇ ಹ್ಯಾಂಡ್‌ಬಿಲ್ ಮ್ಯಾಟರ್ ತೆಗೆದೆ. ಶಿಫ್ಟ್ ಪೇಸ್ಟ್. ವಾಪಸ್ ಫೈಲಿಗೆ. ಪ್ರಾಪರ್ಟೀಸ್. 24.

ಬರೀ ಪದ ಅಲ್ಲ, ಅರವತ್ತು ಪುಟದ ಒಂದು ಸ್ಮರಣ ಸಂಚಿಕೆಯನ್ನೂ ಹಾಕಿ ನೋಡಿದೆ. ಕಾಕಾ ಪ್ರೆಸ್ಸಿಗೆ ಬಂದು ಪಕ್ಕದಲ್ಲಿ ಕೂತು ಕನ್ನಡಕ ಹಾಕಿಕೊಂಡು ಪುಟ ಪುಟ ನೋಡಿದರು. ಸಾಫ್ಟ್‌ವೇರಿನ ತಪ್ಪು ಒಂದೂ ಸಿಗಲಿಲ್ಲ, ನನ್ನ ಕಾಗುಣಿತದ ತಪ್ಪು ಒಂಬತ್ತು ಸಿಕ್ಕವು.

ಸಪ್ತಾಪುರ ಹಾಸ್ಟೆಲ್ · ಸೋಮವಾರ, ರಾತ್ರಿ 10:22

ಅಣ್ಣಾ, ಕೋಡ್ ನೋಡಿದಿರಾ? ಸರಿ ಮಾಡಿದ್ದು ಎರಡೇ ಸಾಲು. ಅದರ ಕೆಳಗೆ ಮೂವತ್ತು ಸಾಲಿನ ಟೆಸ್ಟ್ ಬರೆದಿದ್ದಾರೆ. ಇನ್ನು ಮುಂದೆ ಯಾರು ಏನೇ ಬದಲಾಯಿಸಲಿ, ಅದು ತಾನಾಗಿ ಓಡಿ ನಾಲ್ಕು ಪದ ಪೇಸ್ಟ್ ಮಾಡಿ ನೋಡುತ್ತದೆ. ಸಿಂಹಳದ ‘ಶ್ರೀ’, ಒಂದು ಪರ್ಷಿಯನ್ ಪದ, ಆ ಕುಟುಂಬದ ಇಮೋಜಿ, ಮತ್ತೆ ‘ರ‍್ಯಾಂಕ್’. ನಿಮ್ಮ ಹ್ಯಾಂಡ್‌ಬಿಲ್ಲಿನ ಪದ.

ಬೆಟಗೇರಿ ಡಿಟಿಪಿ · ಸೋಮವಾರ, ರಾತ್ರಿ 10:31

ಮಾಲೀಕರಿಗೆ ತೋರಿಸಿದೆ. ‘ಐದು ಸಾವಿರ ಹಾಳೆ ಕೊಟ್ಟು ಒಂದು ಪದ ಹಾಕಿಸಿದಿಯಲ್ಲೋ’ ಅಂದರು. ಕೊನೆಗೂ ಬೈದರು, ಸಮಾಧಾನ ಆಯಿತು.

ಮಿರ್ಚಿ ಗಿರ್ಮಿಟ್ · ಮಂಗಳವಾರ, ಬೆಳಿಗ್ಗೆ 11:00

ನನ್ನ ‘ಹಾರ್ಡ್‌ವೇರ್’ ಸೇರಿಸಲಿಲ್ಲವಾ? ಎಂಟು ಅಡಿ ರೀ!

ಬ್ಯಾಡಗಿ ಲೆಕ್ಕ · ಮಂಗಳವಾರ, ಸಂಜೆ 6:15

ನಮಸ್ಕಾರ, ನಾನು ಮತ್ತೆ ಬಂದೆ. ಈ ಸಲ ಹುಡುಕಿ ನೋಡಿದೆ, ಯಾರೂ ಹೇಳಿದ ಹಾಗಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಖಾನೆಯಲ್ಲಿ ‘ಕ್ವಿಂಟಲ್’ ಅಂತ ಟೈಪ್ ಮಾಡಿ, ಸಾಲಿನ ಎತ್ತರ ತಾನಾಗಿ ಹೊಂದುವ ಹಾಗೆ ಇಟ್ಟು, ಪ್ರಿಂಟ್ ಪ್ರಿವ್ಯೂ ನೋಡಿ. ವ ಒತ್ತು ಪೂರ್ತಿ ಕಾಣಬೇಕು. ನನ್ನಲ್ಲಿ ಅದರ ಕೆಳಗಿನ ಅರ್ಧ ಕತ್ತರಿಸಿ ಹೋಗುತ್ತದೆ. ಪರದೆ ಮೇಲೆ ಸರಿ ಇದೆ, ಪ್ರಿಂಟ್‌ನಲ್ಲಿ ಮಾತ್ರ. ಎರಡು ಫಾಂಟ್ ಹಾಕಿ ನೋಡಿದೆ, ಎರಡರಲ್ಲೂ ಹಾಗೇ. ವರ್ಷನ್ ನಂಬರ್ ಪೂರ್ತಿ ಚಿತ್ರದಲ್ಲಿದೆ. ಫೈಲಿನಲ್ಲಿ ಮೂರೇ ಸಾಲು, ರೈತರ ಹೆಸರು ಅ, ಆ, ಇ.

ಹಾವೇರಿ ಮೇಷ್ಟ್ರು · ಮಂಗಳವಾರ, ಸಂಜೆ 6:58

ನನ್ನಲ್ಲೂ ಬಂತು. ನಾಲ್ಕರಲ್ಲಿ ಮೂರು ಮಷೀನ್.